ಬೆಳ್ಳಿ ಉಗುರಿನ ಪಂಚಮಿ

ನಮ್ಮ ಮಾವಶಿಗೆ, ಅಂದರೆ ಅವ್ವನ ತಂಗಿಗೆ, ತವರು ಅಂತ ಇದ್ದದ್ದು ನಮ್ಮವ್ವ ಒಬ್ಬಳೇ. ಅವರ ತಂದೆತಾಯಿ ಬೇಗ ತೀರಿಹೋಗಿದ್ದರು, ಅಣ್ಣತಮ್ಮಂದಿರು ಇರಲಿಲ್ಲ. ಹಾಗಾಗಿ ಸೊಲ್ಲಾಪುರದ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಹೋಗಿದ್ದ ಮಾವಶಿ ನಾಗರ ಪಂಚಮಿಗೆ ತನ್ನ ಅಕ್ಕನ ಗಂಡನ ಮನೆಗೆ, ಅಂದರೆ ಕುರನೂರಿನ ಆಚೆಗಿದ್ದ ನಮ್ಮ ಹಳ್ಳಿಗೆ ಬರುತ್ತಿದ್ದಳು. ಬರುತ್ತಿದ್ದಳು ಅಂದರೆ ತಪ್ಪಾಗುತ್ತದೆ. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ತಾನಾಗಿ ಗಂಟು ಕಟ್ಟಿಕೊಂಡು ತವರಿಗೆ ಹೊರಡುವುದಿಲ್ಲ. ತವರಿನ ಗಂಡಸು ಬಂದು ಕರೆಯಬೇಕು. ಕರೆಯಲು ಯಾರೂ ಬಾರದ ಸೊಸೆಯನ್ನು ಇಡೀ ಓಣಿ ಒಂದು ಥರ ನೋಡುತ್ತದೆ. ಅದಕ್ಕೇ ನಮ್ಮಪ್ಪ ಪ್ರತಿ ಶ್ರಾವಣದಲ್ಲಿ ಗಾಡಿ ಕಟ್ಟಿಕೊಂಡು ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಅವಳನ್ನು ಕರೆತರುತ್ತಿದ್ದ.

ಮಾವಶಿ ಬಂದಳೆಂದರೆ ನಮ್ಮ ಮನೆಯಲ್ಲಿ ಸಾಬೂನಿನ ವಾಸನೆ ಬರುತ್ತಿತ್ತು. ಅವಳ ಗಂಡನದು ಕಟ್ಲರಿ ಅಂಗಡಿ: ಕನ್ನಡಿ, ಬಳೆ, ಪಿನ್ನು, ಪೌಡರು, ರಿಬ್ಬನ್ನು, ನಾಟಕ ಕಂಪನಿಯವರಿಗೆ ಬೇಕಾಗುವ ಥಳಕಿನ ಸಾಮಾನು. ಮಾರಾಟವಾಗದೆ ಉಳಿದದ್ದು ಮಾವಶಿಗೆ, ಮಾವಶಿಯಿಂದ ನಮಗೆ. ಅವಳಿಗೆ ಮಕ್ಕಳಿರಲಿಲ್ಲ. ನನ್ನನ್ನು ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ, ನಾನೂ ಇಳಿಯುವ ಪೈಕಿ ಅಲ್ಲ.

ನನಗೆ ಹತ್ತೋ ಹನ್ನೊಂದೋ ಇದ್ದಾಗ, ಮೂವತ್ತನೆಯ ಇಸವಿಯ ಹಿಂದುಮುಂದು ಇರಬೇಕು, ಅವಳು ಒಂದು ತಗಡಿನ ಡಬ್ಬಿ ತಂದಳು. ಮುಂಬೈಯ ಏಜೆಂಟನೊಬ್ಬ ನಮೂನೆಗೆಂದು ಅಂಗಡಿಯಲ್ಲಿ ಬಿಟ್ಟುಹೋಗಿದ್ದನಂತೆ. ಅದರಲ್ಲಿ ಉಗುರಿಗೆ ಹಚ್ಚುವ ಬಣ್ಣದ, ಹೆಬ್ಬೆರಳಿನಷ್ಟಿದ್ದ ಮೂರು ಬಾಟಲಿ. ಒಂದರಲ್ಲಿ ತಾಮ್ರ, ಒಂದರಲ್ಲಿ ಬಂಗಾರ, ಒಂದರಲ್ಲಿ ಬೆಳ್ಳಿ, ಎಲ್ಲ ನೀರಾಗಿ ಕೂತಂತೆ. ಅವುಗಳ ಕೆಳಗೆ ಹತ್ತಿಯಲ್ಲಿ ಸುತ್ತಿಟ್ಟ ಹತ್ತು ಹಿತ್ತಾಳೆಯ ಉಗುರುಗಳು. ನಾಟಕದ ರಾಣಿಯರು ಬೆರಳಿಗೆ ತೊಡುವಂಥವು. ಉದ್ದ, ತುದಿ ಚೂಪು, ಬುಡದಲ್ಲಿ ಕೆಂಪು ಗಾಜಿನ ಹರಳು.

"ಸೊಲ್ಲಾಪುರದಾಗ ಇವನ್ನ ಯಾರೂ ಕೊಳ್ಳವಲ್ರು," ಅಂದಳು ಮಾವಶಿ. "ನೋಡಿ ನಗತಾರ, ಕೈಯಾಗ ಹಿಡೀತಾರ, ಇಟ್ಟು ಹೋಗ್ತಾರ."

ಅದು ಪಂಚಮಿಯ ಹಿಂದಿನ ದಿನದ ಮಧ್ಯಾಹ್ನ. ಆ ಹೊತ್ತಿನ ಮಹತ್ವ ನಮ್ಮ ಕಡೆಯ ಹೆಂಗಸರಿಗೆ ಮಾತ್ರ ಗೊತ್ತು. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಏನನ್ನೂ ಹೆಚ್ಚುವಂತಿಲ್ಲ, ಕೆರೆಯುವಂತಿಲ್ಲ, ನೆಲ ಅಗೆಯುವಂತಿಲ್ಲ, ನಾಗಪ್ಪನಿಗೆ ನೋವಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಬುಟ್ಟಿಗಟ್ಟಲೆ ರೊಟ್ಟಿ ಬಡಿದು, ಒಣಗಿಸಿ ಮುಚ್ಚಿಡುತ್ತಾರೆ. ಕಡೆಯ ರೊಟ್ಟಿ ಬುಟ್ಟಿ ಸೇರಿತೆಂದರೆ ಅಲ್ಲಿಂದ ಒಂದೂವರೆ ದಿನ ನಮ್ಮವ್ವನ ಕೈಗೆ ಬಿಡುವು. ವರ್ಷಕ್ಕೆ ಅಷ್ಟೇ ಬಿಡುವು.

ಮೊದಲು ನನ್ನ ಮೇಲೆ ಪ್ರಯೋಗ ನಡೆಯಿತು. ಮಾವಶಿ ಎಡಗೈ ಉಗುರಿಗೆ ತಾಮ್ರ ಹಚ್ಚಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯ ಹಾಗೆ ಫಳಫಳ ಹೊಳೆಯಿತು. ಬಲಗೈಗೆ ಬಂಗಾರ ಹಚ್ಚಿದಾಗ ಅದು ಅರಿಶಿನದಲ್ಲಿ ಕೈ ಅದ್ದಿದಂತೆ ಕಂಡಿತೇ ಹೊರತು ಬಂಗಾರದ ಹಾಗೆ ಕಾಣಲಿಲ್ಲ. ಆಮೇಲೆ ಹಿತ್ತಾಳೆಯ ಉಗುರು ತೊಟ್ಟುಕೊಂಡೆ. ತೊಟ್ಟ ಮೇಲೆ ಗೊತ್ತಾಯಿತು ರಾಣಿಯರ ಪಾಡು: ತಟ್ಟೆಯಲ್ಲಿದ್ದ ಶೇಂಗಾ ಒಂದನ್ನೂ ಎತ್ತಲಾಗಲಿಲ್ಲ. ಮೂಗು ತುರಿಸಿತು, ತುರಿಸಿಕೊಳ್ಳಲು ಧೈರ್ಯ ಸಾಲಲಿಲ್ಲ. ಅವ್ವ ಗೋಡೆಗೆ ಒರಗಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅಕ್ಕಾ, ಕೈ ತಾ," ಅಂದಳು ಮಾವಶಿ.

"ನನಗ್ಯಾಕ? ಸಗಣಿ ಬಳಿಯೋ ಕೈಗೆ ಬೆಳ್ಳಿ ಏನು ಶೋಭಿಸ್ತದ?"

"ತಾ ಅಂದ್ರ ತಾ."

ಅವ್ವನ ಉಗುರುಗಳು ಸೀಳಿದ್ದವು, ಅಂಚುಗಳಲ್ಲಿ ವರ್ಷಗಳ ಕಪ್ಪು ಕೂತಿತ್ತು. ಮಾವಶಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಒಂದೊಂದೇ ಬೆರಳನ್ನು ನೀವಿ, ಬಟ್ಟೆಯಿಂದ ಒರೆಸಿ, ಆಮೇಲೆ ಬೆಳ್ಳಿ ಹಚ್ಚತೊಡಗಿದಳು. ಅವಸರವೇ ಇರಲಿಲ್ಲ. ಒಂದು ಉಗುರು ಆರುವ ತನಕ ಊದುವುದು, ಮತ್ತೆ ಇನ್ನೊಂದು. ನನಗೆ ಬೇಸರ ಬಂದು, ಇಷ್ಟು ನಿಧಾನ ಯಾಕೆ ಎಂದು ಕೇಳಿದೆ.

"ಅಕ್ಕನ ಕೈ ಹಿಡಕೊಂಡು ಕೂಡಾಕ ನನಗ ಒಂದು ನೆವ ಬೇಕಾಗಿತ್ತು," ಅಂದಳು. ನನಗೆ ಹೇಳಿದಳೋ ಅವ್ವನಿಗೆ ಹೇಳಿದಳೋ ತಿಳಿಯಲಿಲ್ಲ. ಅವ್ವ ನಗುವುದನ್ನು ನಿಲ್ಲಿಸಿ ಹೊರಗೆ ನೋಡಿದಳು.

ನಮ್ಮ ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ಆಯಿ ಎಂದು ಕರೆಯುತ್ತಿದ್ದೆವು. ಮರುದಿನ ಬೆಳಿಗ್ಗೆ ಬೇವಿನ ಮರದ ಬುಡದ ಹುತ್ತಕ್ಕೆ ಹಾಲೆರೆಯಲು ಹೋದಾಗ ಅವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದಳು. ಹಾಲೆರೆಯುವಾಗ ಮುಚ್ಚಿಕೊಳ್ಳುವುದು ಹೇಗೆ? ಬಿಸಿಲಿಗೆ ಹತ್ತೂ ಉಗುರು ಮಿಂಚಿದವು.

ಆಯಿ ಅವ್ವನ ಕೈ ಹಿಡಿದು ತಿರುಗಿಸಿ ನೋಡಿದಳು. "ಕಲಾಯಿ ಮಾಡಿಸ್ಕೊಂಡು ಬಂದೀಯೇನ? ಭಾಂಡಿ ಇದ್ದೀಯೇನ ನೀ?"

ಪಕ್ಕದಲ್ಲಿದ್ದ ಹೆಂಗಸರು ಕಿಸಕ್ಕೆಂದರು. ಆಯಿಗೆ ಆಗಲೇ ಕೆರೆಸಿ ತೆಗೆಸಬೇಕೆಂಬ ಸಿಟ್ಟು. ಆದರೆ ಅಂದು ಪಂಚಮಿ. ಚಾಕು ಮುಟ್ಟುವಂತಿಲ್ಲ, ಉಗುರು ತೆಗೆಯುವಂತಂತೂ ಇಲ್ಲವೇ ಇಲ್ಲ. ಅವಳು ಜೀವಮಾನವಿಡೀ ಕಾಯ್ದುಕೊಂಡು ಬಂದ ನೇಮವೇ ಅವಳ ಕೈ ಕಟ್ಟಿಹಾಕಿತು. ಹಾಗಾಗಿ ಅವ್ವ ಆ ದಿನವೆಲ್ಲ ಬೆಳ್ಳಿ ಉಗುರಿನಲ್ಲೇ ಜೋಕಾಲಿ ಆಡಿದಳು, ಜೋಳದ ಅಳ್ಳು ಹಂಚಿದಳು, ಕುಂಕುಮ ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಬೆಳಿಗ್ಗೆ ಕಿಸಕ್ಕೆಂದ ಹೆಂಗಸರೇ ಹಿತ್ತಲ ಬಾಗಿಲಿಂದ ಬಂದು, "ನಮಗೂ ಒಂದೀಟು ಹಚ್ಚವಾ," ಎಂದು ಮಾವಶಿಯ ಮುಂದೆ ಕೈ ಚಾಚಿ ಕೂತರು. ಬಾಟಲಿ ತಳ ಕಂಡಿತು. ಆಯಿ ಮಾತ್ರ ಪಡಸಾಲೆಯಲ್ಲಿ ಕೂತು ಮೂಗು ಹಿಂಡಿಕೊಂಡೇ ಇದ್ದಳು. ಆ ಬಣ್ಣಕ್ಕೆ ಹಣ್ಣಾದ ಬಾಳೆಯಂಥ, ಆದರೆ ಕಣ್ಣು ಚುರುಗುಟ್ಟಿಸುವ ಒಂದು ವಾಸನೆ ಇತ್ತು.

"ಹಾಲಿಗೂ ಇದೇ ವಾಸನಿ ಹತ್ತೇದ," ಅಂದಳು. "ನಾಗಪ್ಪ ಮುಟ್ಟಂಗಿಲ್ಲ."

ಹಬ್ಬ ಮುಗಿದು ಮಾವಶಿ ಸೊಲ್ಲಾಪುರಕ್ಕೆ ಮರಳಿದಳು. ಕೆರೆದು ಹಾಕೆಂದು ಆಯಿ ಕುಡುಗೋಲು ತಂದು ಮುಂದಿಟ್ಟರೆ ಅವ್ವ, "ತಾನ ಹೋಗ್ತದ ಬಿಡ್ರಿ," ಎಂದು ಎದ್ದುಹೋದಳು. ಅತ್ತೆಗೆ ಅವಳು ಎದುರಾಡಿದ್ದು ನನಗೆ ನೆನಪಿರುವ ಮಟ್ಟಿಗೆ ಅದೊಂದೇ ಸಲ. ಬೆಳ್ಳಿ ರೊಟ್ಟಿ ಹಿಟ್ಟಿನಲ್ಲಿ, ಸಗಣಿಯಲ್ಲಿ, ಚೂರುಚೂರಾಗಿ ತಾನೇ ಹೋಯಿತು.

ಅದು ಪೂರ್ತಿ ಹೋಗುವ ಮೊದಲೇ ನಮ್ಮ ಕೊಟ್ಟಿಗೆಗೆ ಹಾವು ಬಂತು. ಮೇವಿನ ಪಕ್ಕ ಹೆಡೆ ಎತ್ತಿ ಒಂದಷ್ಟು ಹೊತ್ತು ಕೂತಿತ್ತು. ಯಾರಿಗೂ ಏನೂ ಮಾಡಲಿಲ್ಲ. ಬಂದ ದಾರಿ ಹಿಡಿದು ಹೋಯಿತು. ಮಳೆಗಾಲದಲ್ಲಿ ಇಲಿ ಇದ್ದಲ್ಲಿ ಹಾವು ಬರುವುದು ಹೊಸದೇನಲ್ಲ. ಆದರೆ ಆಯಿ ಅದರ ಎದುರು ಕೈ ಮುಗಿದು ಕೂತಿದ್ದವಳು ಎದ್ದು ಬಂದು ಹೇಳಿದ ಮಾತು ಮನೆಯವರ ಬಾಯಿಗೆ ಬೀಗ ಹಾಕಿತು.

"ಹಾಲು ಕೇಳಾಕ ಬಂದಾನ. ಆವತ್ತು ಹಾಲು ಕೆಟ್ಟಿತ್ತು, ಅದಕ್ಕ ಬಂದಾನ. ಇನ್ನ ಆಕಿನ್ನ ಪಂಚಮಿಗೆ ಕರೀಬ್ಯಾಡ್ರಿ."

ಮುಂದಿನ ಶ್ರಾವಣದಲ್ಲಿ ಗಾಡಿ ಹೊರಡಲಿಲ್ಲ. ನನಗೆ ಆಯಿಯ ಮೇಲೆ ಈಗ ಸಿಟ್ಟಿಲ್ಲ. ಅವಳು ನಿಜವಾಗಿ ಹೆದರಿದ್ದಳು, ಮೊಮ್ಮಕ್ಕಳಿಗೆ ಏನಾದರೂ ಆದೀತೆಂದು ಹೆದರಿದ್ದಳು. ಸಿಟ್ಟಿರುವುದು ಅಪ್ಪನ ಮೇಲೆ. ಅಪ್ಪ ಹೋರಿಗೆ ಹೆದರುತ್ತಿರಲಿಲ್ಲ, ಹಾವಿಗೂ ಹೆದರುತ್ತಿರಲಿಲ್ಲ, ತಾಯಿಗೆ ಹೆದರುತ್ತಿದ್ದ. ಅವ್ವ ಒಂದೇ ಸಲ ಕೇಳಿದಳು: "ಆಕಿ ಹಾದಿ ನೋಡತಿರ್ತಾಳ. ಹೋಗಿ ಬರ್ರಿ." ಅಪ್ಪ ಎತ್ತಿನ ಕೊರಳ ಹಗ್ಗ ಬಿಗಿಮಾಡುತ್ತ, ಕೇಳಿಸದವನ ಹಾಗೆ ನಿಂತಿದ್ದ.

ಸೊಲ್ಲಾಪುರದ ಸಂತೆಗೆ ಶೇಂಗಾ ಒಯ್ದ ನಮ್ಮೂರಿನವರ ಕೈಲಿ ಮಾವಶಿ ಹೇಳಿ ಕಳಿಸುತ್ತಿದ್ದಳು. ಮೊದಲ ವರ್ಷ, "ಗಾಡಿ ಎಂದ ಬರ್ತದ, ಕೇಳ್ರಿ." ಮರುವರ್ಷ, "ಯಾರಿಗರೆ ಆರಾಮ ಇಲ್ಲೇನ, ಕೇಳ್ರಿ." ಆಮೇಲೆ ಹೇಳಿಕೆ ಬರುವುದು ನಿಂತಿತು. ಅಂಗಡಿ ದೊಡ್ಡದಾಗಿ ಅವರು ಸೊಲ್ಲಾಪುರದಲ್ಲೇ ಬೇರೆ ಪೇಟೆಯ ಬೇರೆ ವಾಡೆಗೆ ಹೋದರೆಂದು ಯಾರೋ ತಿಳಿಸಿದರು. ಪಂಚಮಿ ಬಂದಾಗಲೆಲ್ಲ ಅವ್ವ ರೊಟ್ಟಿ ಮುಗಿಸಿ, ಕೈ ತೊಳೆದು, ಬಿಡುವಾದ ಕೈಯನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ ಮಡಿಲಲ್ಲಿಟ್ಟುಕೊಂಡು ಕೂಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತರೆ ಆಡಲು ಹೋಗು ಅನ್ನುತ್ತಿದ್ದಳು. ನನಗೆ ಮಾವಶಿ ಬೇಕಾಗಿದ್ದಳು. ಅವ್ವನಿಗೆ ಎಷ್ಟು ಬೇಕಾಗಿದ್ದಳೋ ಅದನ್ನು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ನನ್ನನ್ನು ಅಕ್ಕಲಕೋಟೆಗೆ ಕೊಟ್ಟರು. ಮದುವೆಗೆ ಮಾವಶಿಯ ಗಂಡ ಒಬ್ಬನೇ ಬಂದು ಅಕ್ಕಿಕಾಳು ಹಾಕಿ, ಊಟ ಮಾಡದೆ ಹೋದ. ಒಂದೆರಡು ವರ್ಷಕ್ಕೆ ಆಯಿ ತೀರಿಕೊಂಡಳು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಆ ಪಂಚಮಿಯೂ ಹೋಯಿತು. ಅದರ ಮುಂದಿನ ಶ್ರಾವಣದಲ್ಲಿ, "ಈಗರೆ ಹೋಗಿ ಬರ್ರಿ," ಎಂದು ಅವ್ವ ಹೇಳಿದರೆ ಅಪ್ಪ, "ಇಷ್ಟು ವರ್ಷ ಬಿಟ್ಟು ಈಗ ಯಾವ ಮಾರಿ ತಗೊಂಡು ಹೋಗ್ಲಿ?" ಅಂದನಂತೆ.

"ಹಂಗಾರ ನಾನ ಹೋಗ್ತೀನಿ," ಅಂದಳಂತೆ ಅವ್ವ.

ಹೆಂಗಸು ಹೋಗಿ ಹೆಣ್ಣುಮಗಳನ್ನು ಕರೆತಂದದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಅವ್ವ ಮಡಿಸೀರೆ ಉಟ್ಟು ಅಕ್ಕಲಕೋಟೆಯ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. "ನಿನಗ ಅಕ್ಷರ ಬರ್ತಾವ, ಬೋರ್ಡು ಓದು, ನಡಿ," ಅಂದಳು. ನನ್ನ ಅತ್ತೆ ಏನೂ ಅನ್ನದಿದ್ದದ್ದು ನನ್ನ ಪುಣ್ಯ. ರೈಲಿನಲ್ಲಿ ಅವ್ವ ತಂಬಿಟ್ಟಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು.

ಕೇಳುತ್ತ ಕೇಳುತ್ತ ವಾಡೆ ಸಿಕ್ಕಿತು. ನಡುವೆ ಅಂಗಳ, ಸುತ್ತ ನಾಲ್ಕಾರು ಸಂಸಾರ. ಅಂಗಳದಲ್ಲಿ ಬೇಳೆ ಹಸನು ಮಾಡುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ತಡೆದು ಯಾರೆಂದು ಕೇಳಿದಳು. ಕಟ್ಲರಿ ಅಂಗಡಿಯವರ ಮನೆಗೆ, ಆಕೆಯನ್ನು ಪಂಚಮಿಗೆ ಕರೆಯಲು ಬಂದಿದ್ದೇವೆ ಎಂದು ನಾನು ಹೇಳಿದೆ.

ಆಕೆ ಮೊರ ಕೆಳಗಿಟ್ಟಳು. "ನೀವು ಮನಿ ತಪ್ಪೀರಿ. ಆ ಅಂಗಡಿಯವರ ವಹಿನಿಗೆ ಮಾಹೇರನ ಇಲ್ಲರಿ. ತವರಿನವರು ಒಬ್ಬರೂ ಉಳದಿಲ್ಲಂತ, ಎಲ್ಲಾರೂ ಹೋಗ್ಯಾರಂತ. ತಾವ ಹೇಳ್ಯಾರ. ಪಂಚಮಿ ಬಂತಂದ್ರ ಪಾಪ, ನಾವು ಅವರ ಮುಂದ ತವರಿನ ಮಾತ ತಗಿಯಂಗಿಲ್ಲ."

ನಾನು ಅವ್ವನ ಮುಖ ನೋಡಿದೆ. ಸೆರಗು ಸರಿಮಾಡಿಕೊಂಡು ಅವಳು ಹೇಳಿದಳು: "ಹೌದ್ರಿ, ಖರೆ. ನಮ್ಮ ಹುಡುಗಿಗಿ ತಿಳಿಯಂಗಿಲ್ಲ. ನಾವು ಆಕಿ ಊರ ಕಡೆಯವರು, ಅಷ್ಟ. ಈ ಕಡೆ ಬಂದಿದ್ವಿ, ಮಾತಾಡ್ಸಿ ಹೋಗೂಣಂತ."

ತಂಗಿಯ ಮಾತು ಸುಳ್ಳಾಗಬಾರದೆಂದು ಅವ್ವ ಆ ಅಂಗಳದಲ್ಲಿ ನಿಂತು ತನ್ನನ್ನೇ ಇಲ್ಲವಾಗಿಸಿಕೊಂಡಳು. ಆ ಹೆಂಗಸು ಒಳಗೆ ಮುಖ ಮಾಡಿ, "ವಹಿನಿ, ನಿಮ್ಮ ಊರವರು ಬಂದಾರ ನೋಡ್ರಿ," ಎಂದು ಕೂಗಿದಳು.

ಮಾವಶಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅವ್ವನನ್ನು ನೋಡಿದಳು, ಅವ್ವನ ಹಿಂದೆ ನೋಡಿದಳು, ಗಂಡಸರು ಯಾರೂ ಇಲ್ಲದ್ದನ್ನು ನೋಡಿದಳು. ಅವ್ವ ತಲೆ ತಗ್ಗಿಸಿ ಗಂಟು ಹಿಡಿದು ನಿಂತೇ ಇದ್ದಳು.

"ಊರವರಲ್ಲರಿ," ಅಂದಳು ಮಾವಶಿ ಆ ಹೆಂಗಸಿಗೆ. ದನಿ ಏರಿಸಲಿಲ್ಲ. "ಈಕಿ ನಮ್ಮಕ್ಕ. ನನ್ನ ಕರಿಯಾಕ ಬಂದಾಳ."

"ಅಯ್ಯ, ಯಾರೂ ಇಲ್ಲಂತ ನೀವ ಅಂದಿದ್ರಿ ಅಲ್ಲ?"

"ಕರಿಯಾಕ ಯಾರೂ ಇರ್ಲಿಲ್ಲರಿ," ಅಂದಳು ಮಾವಶಿ. ಅಷ್ಟು ಹೇಳಿ ಅಂಗಳಕ್ಕೆ ಇಳಿದು ಬಂದು, ಅವ್ವನ ಕೈಯಲ್ಲಿದ್ದ ಗಂಟನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟು, ಅಕ್ಕನ ಎರಡೂ ಕೈ ಹಿಡಿದುಕೊಂಡು ನಿಂತಳು. ಈ ಸಲ ಅವಳು ಯಾವ ನೆವವನ್ನೂ ಹುಡುಕಲಿಲ್ಲ.