ಮೂರು ಸಂಘಗಳ ದೋಣಿ ಪಟ್ಟಿ

ಎರಡು ಸಾವಿರದ ಆರರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಬ್ರಹ್ಮಾವರದಲ್ಲಿ ಬಸ್ಸು ಹತ್ತಿದೆ. ಕುಂದಾಪುರಕ್ಕೆ ಟಿಕೆಟು ಹನ್ನೆರಡು ರೂಪಾಯಿ. ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯ ಮೂರು ಮೀನುಗಾರರ ಸಂಘಗಳಿಗಾಗಿ ನಾನು ಕಂಪ್ಯೂಟರಿನಲ್ಲಿ ದೋಣಿಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೆ. ದೋಣಿಯೊಂದು ಅಪಾಯಕ್ಕೆ ಸಿಕ್ಕರೆ ಅದು ಯಾರದೆಂದು ಮೂರೂ ಕಡೆ ಕೂಡಲೇ ತಿಳಿಯಬೇಕಿತ್ತು. ಬ್ರಹ್ಮಾವರದವರು ವಿವರ ಕೊಟ್ಟಿದ್ದರು. ಉಳಿದೆರಡು ಸಂಘದವರನ್ನು ಒಪ್ಪಿಸಬೇಕಿತ್ತು.

ಸಾಲಿಗ್ರಾಮ, ಕೋಟ ದಾಟುವವರೆಗೂ ಮಳೆ ಬಿಡಲಿಲ್ಲ. ಕುಂದಾಪುರದ ಸಂಘದ ಕಾರ್ಯದರ್ಶಿ ಶೀನ ಖಾರ್ವಿಯವರು ವಿವರ ತುಂಬಲು ನಾನು ತಂದಿದ್ದ ನಮೂನೆಯನ್ನು ನಿಧಾನವಾಗಿ ಓದಿ, 'ಮೀನು ಹಿಡಿಯುವ ಜಾಗ' ಎಂಬ ಕಲಮಿನ ಮೇಲೆ ಬೆರಳಿಟ್ಟರು.

"ಇದೆಂತಕೆ? ನಮ್ ಜಾಗ ಬೇರೆ ಸಂಘದರಿಗೆ ಹೇಳಿ ನಾವೆಂತ ಮಾಡುದ್? ಇದ್ ಆಪುದಲ್ಲ."

ಚಹಾ ಕೊಟ್ಟರು. ಸಂಘದ ದೋಣಿಗಳ ವಿವರವಿದ್ದ ಪುಸ್ತಕ ಕೊಡಲಿಲ್ಲ.

ಬೈಂದೂರಿಗೆ ಮತ್ತೊಂದು ಗಂಟೆಯ ದಾರಿ. ಅಲ್ಲಿ ಸಂಘದ ಪುಸ್ತಕ ಬರೆಯುತ್ತಿದ್ದವರು ಗಿರಿಜಾ. ಹಿಂದಿನ ವರ್ಷ ಅವರ ಗಂಡ ಕಡಲಿಗೆ ಹೋದವರು ಬಂದಿರಲಿಲ್ಲ. ಎಲ್ಲಿ ಹುಡುಕಬೇಕೆಂದು ತಿಳಿಯದೆ ಎರಡು ದಿನ ಕಳೆದಿತ್ತು. ಮೂರನೆಯ ದಿನ ಮಗುಚಿದ ಹಳದಿ ದೋಣಿ ಮಾತ್ರ ಸಿಕ್ಕಿತ್ತು.

ಮನೆಗೆ ಕರೆದು ನೀರುದೋಸೆ, ಬೂತಾಯಿ ಮೀನಿನ ಸಾರು ಬಡಿಸಿದರು. ಊಟವಾದ ಮೇಲೆ ಕುಂದಾಪುರದ ಮಾತು ತಿಳಿಸಿದೆ. ಅವರು ನನ್ನ ಪೆನ್ನು ತೆಗೆದುಕೊಂಡು ಆ ಕಲಮನ್ನು ಹೊಡೆದುಹಾಕಿದರು.

"ಜಾಗ ಯಾರ್ ಹೇಳ್ತ್ರ್? ನನ್ ಗಂಡನೂ ಹೇಳ್ತಿರ್ಲ. ದೋಣಿ ಬಣ್ಣ ಎಂತದ್, ಯಾರೆಲ್ಲ ಹೋಯಿರ್, ಯಾವಾಗ್ ಬತ್ರ್, ಅಷ್ಟ್ ಬರ್ಕಣಿ. ಸಾಕ್."

ತಿಂಗಳುಗಟ್ಟಲೆ ಕೂತು ಮಾಡಿದ ನನ್ನ ಪ್ರೋಗ್ರಾಮಿನಲ್ಲಿ ಬಣ್ಣಕ್ಕೆ ಜಾಗವೇ ಇರಲಿಲ್ಲ. ನಾಚಿಕೆಯಾಯಿತು. ಗಿರಿಜಾ ನಮೂನೆಯ ಅಂಚಿನಲ್ಲಿ ತಾವೇ ಆ ಮೂರು ಸಾಲು ಬರೆದು, ತಮ್ಮ ಪುಸ್ತಕವನ್ನೂ ಕೈಗಿತ್ತರು.

ನಾಲ್ಕು ಗಂಟೆಗೆ ಮತ್ತೆ ಕುಂದಾಪುರ ತಲುಪಿದೆ. ಶೀನ ಖಾರ್ವಿಯವರು ಹೊಸ ಕೈಬರಹವನ್ನು ನೋಡಿದರು.

"ಇದ್ ಯಾರ್ ಬರ್ದದ್?"

ಗಿರಿಜಾ ಯಾರೆಂದು, ಅವರ ಗಂಡನಿಗೆ ಏನಾಗಿತ್ತೆಂದು ಹೇಳಿದೆ. ಖಾರ್ವಿಯವರು ದೋಣಿಯ ಬಣ್ಣದ ಸಾಲಿನ ಮೇಲೆ ಬೆರಳಿಟ್ಟರು.

"ಹಳದಿ ದೋಣಿಯಾ?" ಎಂದರು. ಹೌದೆಂದೆ. "ಮಗುಚಿದ್ದ್ ನಮ್ಮರಿಗೆ ಮೊದಲ್ನೇ ದಿನವೇ ಕಂಡಿತ್. ಸುತ್ತ ಹುಡ್ಕಿರ್, ಯಾರೂ ಕಾಣ್ಲ. ಯಾರ್ ದೋಣಿ, ಯಾರಿಗ್ ಹೇಳುದ್ ಅಂದ್ ಗೊತ್ತಾಯ್ಲ."

ಎದ್ದು ಹೋಗಿ ಕಪಾಟಿನಿಂದ ಪುಸ್ತಕ ತಂದರು. "ನೀವ್ ಇದ್ ತಕಣಿ. ನಾನ್ ಬೈಂದೂರಿಗ್ ಹೋಯ್ಬತ್ತೆ. ಅವ್ರಿಗ್ ನಾನೇ ಹೇಳ್ಕ್."

ಬಸ್‌ಸ್ಟ್ಯಾಂಡಿನವರೆಗೆ ಜೊತೆಯಾಗಿ ನಡೆದೆವು. ನನ್ನ ಬಸ್ಸು ಬ್ರಹ್ಮಾವರದ ಕಡೆಗೆ ಹೊರಟಾಗ ತಿರುಗಿ ನೋಡಿದೆ. ರಸ್ತೆಯ ಆಚೆ ಬದಿಯಲ್ಲಿ ಶೀನ ಖಾರ್ವಿಯವರು ಕೈಯಲ್ಲಿದ್ದ ಕೊಡೆಯನ್ನು ಬಿಡಿಸದೆ, ಮತ್ತೆ ಶುರುವಾದ ಮಳೆಯಲ್ಲಿ ಬೈಂದೂರಿನ ಬಸ್ಸು ಕಾಯುತ್ತ ನಿಂತಿದ್ದರು.