ಕಾರ್ಡಿಗೂ ನೊಗ ಹೂಡಿದ ಕಾಕಾ

ದಲಾಲಿ ಕಾಕಾರ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ವಯಸ್ಸು ತಿಳಿಯಲು ಹಲ್ಲು ಎಣಿಸಲೆಂದು ಬಾಯಿಗೆ ಕೈ ಹಾಕಿದಾಗ ಉಳಿದರ್ಧವನ್ನು ಒಂದು ಎತ್ತು ದವಡೆಯಲ್ಲಿ ನುರಿಸಿಬಿಟ್ಟಿತ್ತು. "ಬೆರಳ ಹೋತು, ಆದ್ರ ಎಣಿಕಿ ತಪ್ಪಲಿಲ್ಲ. ಆರ ಹಲ್ಲ" ಎಂದು ಆ ಮೋಟು ಬೆರಳನ್ನು ಎತ್ತಿ ತೋರಿಸುವಾಗ ಅವರ ಮುಖದಲ್ಲಿ ಪದಕ ಗೆದ್ದವರ ಕಳೆ ಇರುತ್ತಿತ್ತು.

ಬೈಲಹೊಂಗಲದಲ್ಲಿ ನನ್ನ ವರ್ಕ್‌ಶಾಪಿನ ಪಕ್ಕದ ಮನೆ ಅವರದು. ನಾನು ಬಾಗಿಲುಗಳ ಕೆತ್ತನೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಯಂತ್ರ ಅದನ್ನು ಸಾಗವಾನಿಯಲ್ಲಿ ಕೊರೆಯುತ್ತದೆ. ಕಾಕಾ ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ದನದ ಸಂತೆಗಳನ್ನೇ ತಿರುಗಿದವರು. ಟ್ರ್ಯಾಕ್ಟರುಗಳು ಹೆಚ್ಚಾಗಿ ಅವರ ದಲಾಲಿ ನಿಂತ ಮೇಲೆ ಬೆಳಗಿನ ಚಹಾ ನನ್ನ ಬಾಗಿಲಲ್ಲೇ ಆಗುತ್ತಿತ್ತು. ಕುಡಿಯುತ್ತ ನನ್ನ ಪರದೆಯ ಮೇಲಿನ ಎತ್ತುಗಳಲ್ಲಿ ಕೊಂಕು ತೆಗೆಯುತ್ತಿದ್ದರು. "ಯವ್ವಾ, ಹಿಂಗಾಲ ಇಷ್ಟ ನೆಟ್ಟಗಿದ್ರ ಇದು ಎರಿ ಹೊಲದಾಗ ಕುಂತಬಿಡತೈತಿ." ಬಾಯಲ್ಲೇ ಗೊಣಗುತ್ತ ತಿದ್ದುತ್ತಿದ್ದೆ. ತಿದ್ದಿದ ಮೇಲೆ ಎತ್ತಿಗೆ ನಿಜವಾಗಿಯೂ ಜೀವ ಬರುತ್ತಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಸಂಪಗಾಂವದ ಗುಡಿಯೊಂದರ ಬಾಗಿಲಿನ ಕೆಲಸ ನನಗೆ ಬಂದ ಕಾಲವದು. ಬಳ್ಳಿ, ನವಿಲು, ತಳದಲ್ಲಿ ಜೋಡೆತ್ತು. ಚಿತ್ರದ ಫೈಲು ಎಷ್ಟು ಭಾರವಾಯಿತೆಂದರೆ, ಒಂದು ನವಿಲನ್ನು ತಿರುಗಿಸಿ ನೋಡುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಎರಡನೆಯ ನವಿಲಿಗೆ ಪರದೆಯೇ ಕಪ್ಪಾಗುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡು ಹಾಕದೆ ಗತಿಯಿರಲಿಲ್ಲ. ಹದಿನೈದು ದಿನದಲ್ಲಿ ಮುಗಿಯದಿದ್ದರೆ ಕೆಲಸವನ್ನು ಹುಬ್ಬಳ್ಳಿಯವರಿಗೆ ಕೊಡುತ್ತೇವೆಂದು ಗುಡಿಯ ಹಿರಿಯರು ಹೇಳಿಬಿಟ್ಟಿದ್ದರು. "ಹೆಣ್ಮಗಳ ಕೈಯಾಗ ಗುಡಿ ಬಾಗಲಾ ಕೊಟ್ರ ಹಿಂಗ" ಎಂದವರೂ ಇದ್ದರು. ಕೈಯಲ್ಲಿದ್ದ ದುಡ್ಡು ಒಂದೇ ಕಾರ್ಡಿಗೆ ಸಾಕಾಗುವಷ್ಟು. ಆರಿಸುವುದರಲ್ಲಿ ತಪ್ಪಿದರೆ ಆ ಬಾಗಿಲಷ್ಟೇ ಅಲ್ಲ, ಮುಂದೆ ಬರುವ ಬಾಗಿಲುಗಳೂ ಹೋದಂತೆಯೇ.

ಸಲಹೆಗಳಿಗೇನೂ ಬರವಿರಲಿಲ್ಲ. ಮೊಬೈಲಿನ ವಿಡಿಯೋದಲ್ಲಿ ಬರುವವನು ಒಂದು ಕಾರ್ಡು ಹೇಳಿದರೆ ನನ್ನ ತಮ್ಮ ಇನ್ನೊಂದನ್ನು ಹೇಳುತ್ತಿದ್ದ. ನಾನು ಫೋನಿನಲ್ಲಿ ವಾದಿಸುವುದನ್ನು ಮೂರು ದಿನ ಕೇಳಿಸಿಕೊಂಡ ಕಾಕಾ ನಾಲ್ಕನೆಯ ದಿನ ಚಹಾದ ಬಸಿ ಕೆಳಗಿಟ್ಟರು.

"ಆ ಸಾಮಾನ ಮಾಡೂದರ ಏನ?"

"ಚಿತ್ರದ ಭಾರ ಎಳಿತೈತ್ರಿ ಕಾಕಾ."

"ಎಳಿಯೂದಂದ್ರ ನಾ ಬರತೇನಿ."

ಬರುವುದಕ್ಕೆ ಎರಡು ಷರತ್ತು ಹಾಕಿದರು. ಮೊದಲನೆಯದು, ನನ್ನ ಕಂಪ್ಯೂಟರಿನ ಡಬ್ಬಿಯನ್ನೇ ಅಂಗಡಿಗೆ ಒಯ್ಯಬೇಕು. "ಮಾರಾವನ ಬಂಡಿಗೆ ಹೂಡಿದ್ರ ಎಲ್ಲಾ ಎತ್ತೂ ಓಡತಾವು. ಬಂಡಿನೂ ನಮ್ದಿರಬೇಕು, ಹೇರೂ ನಮ್ದಿರಬೇಕು." ಎರಡನೆಯದು, ಮಾರುವವನ ಮುಂದೆ ನಾನು ಏನನ್ನೂ ಹೊಗಳಬಾರದು.

ಡಬ್ಬಿಗೆ ಕಂಬಳಿ ಸುತ್ತಿ ಬೆಳಗಾವಿ ಬಸ್ಸು ಹತ್ತಿದೆವು. "ಇದರಾಗ ಏನೈತ್ರಿ ಅಜ್ಜಾರ?" ಎಂದು ಕಂಡಕ್ಟರು ಕೇಳಿದ. "ಬಂಡಿ" ಎಂದರು ಕಾಕಾ. ಅವನು ಇನ್ನೇನೂ ಕೇಳದೆ ಲಗೇಜಿನ ಟಿಕೆಟು ಹರಿದುಕೊಟ್ಟ.

ಅಂಗಡಿಯಲ್ಲಿ ಮೊದಲು ತೋರಿಸಿದ ಕಾರ್ಡಿಗೆ ಮೂರು ಫ್ಯಾನು, ಮೈತುಂಬ ಬಣ್ಣದ ದೀಪ. "ಅಯ್ಯ, ಎಷ್ಟ ಛಂದ..." ಎನ್ನುವಷ್ಟರಲ್ಲಿ ಕಾಕಾರ ಕೋಲಿನ ತುದಿ ನನ್ನ ಕಾಲ್ಬೆರಳ ಮೇಲೆ ಕುಳಿತಿತ್ತು. "ಕೋಡಿಗೆ ಗೊಂಡೆ ಬಾಳ ಕಟ್ಯಾರ" ಎಂದು ಕಾಕಾ ಮುಖ ಸಿಂಡರಿಸಿದರು. ನಮ್ಮ ಡಬ್ಬಿಗೇ ಅದನ್ನು ಹಾಕಿಸಿದೆವು. ಅಂಗಡಿಯವರು ಕಾರು ಓಡುವ ಆಟವೊಂದನ್ನು ತೋರಿಸಿದರು, ಬಹಳ ಚೆನ್ನಾಗಿ ಓಡಿತು. ಆಮೇಲೆ ನನ್ನ ಗುಡಿಯ ಬಾಗಿಲನ್ನು ತೆರೆದೆ. ಮೊದಲ ನವಿಲು ತಿರುಗಿತು. ಎರಡನೆಯ ನವಿಲಿಗೆ ಕಾರ್ಡಿನ ಮೆಮೊರಿ ತುಂಬಿ ಪರದೆ ನಿಂತಲ್ಲೇ ನಿಂತಿತು. ದೀಪಗಳು ಮಾತ್ರ ಉರಿಯುತ್ತಲೇ ಇದ್ದವು.

"ಅಲ್ಲೇನೈತಿ, ಆ ಕರೇದು?" ಎಂದು ಕಾಕಾ ಕಪಾಟಿನ ಮೂಲೆಗೆ ಕೋಲು ತೋರಿಸಿದರು. ದೀಪವಿಲ್ಲದ, ಒಂದೇ ಫ್ಯಾನಿನ, ಇಟ್ಟಿಗೆಯಂಥ ಕಾರ್ಡು. ಅದು ಹಳೆಯದು, ಆಟಕ್ಕೆ ಬರುವುದಿಲ್ಲ, ಡಿಸೈನಿನವರಷ್ಟೇ ಒಯ್ಯುತ್ತಾರೆ, ಆದರೆ ಮೆಮೊರಿ ದುಪ್ಪಟ್ಟು ಎಂದರು ಅಂಗಡಿಯವರು. ಹಾಕಿಸಿದೆವು. ನವಿಲು ತಿರುಗಿತು, ಇನ್ನೊಂದು ನವಿಲೂ ತಿರುಗಿತು, ಬಳ್ಳಿಗಳ ಸಮೇತ ಇಡೀ ಬಾಗಿಲು ನನ್ನ ಬೆರಳಿನ ಜೊತೆ ತಿರುಗಿತು. ನನ್ನ ಕಣ್ಣಲ್ಲಿ ನೀರು ಬಂತು. ಕಾಲ ಮೇಲೆ ಕೋಲೂ ಬಂತು.

"ಹ್ಞೂಂ. ಸ್ವಲ್ಪ ಮಂದ ಐತಿ" ಎಂದು ಕಾಕಾ ನಿಟ್ಟುಸಿರು ಬಿಟ್ಟು ಹೆಗಲ ಟವೆಲ್ಲನ್ನು ಇಳಿಸಿದರು.

ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಕಾಕಾ ಟವೆಲ್ಲು ಮುಚ್ಚಿದ ಕೈ ಚಾಚಿದರು. ಪಾಪ, ಮುದುಕರು ಕೈಕುಲುಕಲು ಬಂದರೆಂದು ತಿಳಿದ ಅಂಗಡಿಯ ಮಾಲೀಕರು ಇಡೀ ಹಸ್ತವನ್ನು ಪ್ರೀತಿಯಿಂದ ಹಿಡಿದರು.

"ಐದೂ ಬೆರಳ ಹಿಡದ್ರು ನೋಡವ್ವಾ. ಐದ ಸಾವಿರ ಬಿಟ್ರು" ಎಂದು ಕಾಕಾ ಘೋಷಿಸಿದರು. ಮಾಲೀಕರು ಕಕ್ಕಾಬಿಕ್ಕಿಯಾದರು. ನಾನು ತಡವರಿಸುತ್ತ ಸಂತೆಯ ಪದ್ಧತಿಯನ್ನು ವಿವರಿಸಿದೆ. ಅಷ್ಟರಲ್ಲಿ ಕಾಕಾ ತಮ್ಮ ಮೋಟು ಹೆಬ್ಬೆರಳನ್ನು ನೋಡಿಕೊಂಡು, "ಅನ್ಯಾಯ ಆಗಬಾರದು. ನಾಕೂವರಿ ಅನ್ರಿ" ಎಂದು ತಾವೇ ತಿದ್ದಿಕೊಂಡರು. ಮಾಲೀಕರು ನಕ್ಕು ನಕ್ಕು ಸುಸ್ತಾಗಿ ಎರಡು ಸಾವಿರ ಬಿಟ್ಟರು.

ಹನ್ನೊಂದನೆಯ ದಿನ ಕೆತ್ತನೆ ಮುಗಿಯಿತು. ಬಾಗಿಲು ನಿಲ್ಲಿಸಿದ ದಿನ ಕಾಕಾ ಸಂಪಗಾಂವಕ್ಕೆ ಬಂದು ತಳದಲ್ಲಿದ್ದ ಜೋಡೆತ್ತಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಊರವರೆಲ್ಲ ನನ್ನನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಕಾಕಾ ಏನೆನ್ನುತ್ತಾರೋ ಎಂಬ ಚಿಂತೆ. "ಪರವಾಗಿಲ್ಲ, ಎಳಿತಾವು" ಎಂದು ಎದ್ದರು. ನನಗೆ ಅಷ್ಟು ಸಾಕಾಯಿತು.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ನೋಡಲು ಹೋದೆ. "ಕಾಕಾ, ಆ ಕರೇ ಕಾರ್ಡು ಇನ್ನೂ ಎಳ್ಯಾಕ ಹತ್ತೈತ್ರಿ. ಅವತ್ತ ನೀವು ಬರದಿದ್ರ ನಾ..." ಎಂದು ಶುರುಮಾಡಿದೆ. ಅವರ ಕೈ ಮಂಚದ ಪಕ್ಕ ತಡಕಾಡಿತು. ಕೋಲಿನ ತುದಿ ನನ್ನ ಕಾಲ್ಬೆರಳನ್ನು ಮುಟ್ಟಿತು, ಒತ್ತುವ ಶಕ್ತಿ ಅದಕ್ಕಿರಲಿಲ್ಲ.

"ಸುಮ್ನಿರ ಯವ್ವಾ. ಮ್ಯಾಲಿನಾವ ಸಂತಿಗೆ ಬಂದಾನ. ಛಲೋ ಐತಿ ಅಂತ ಕೇಳಿದ್ರ ಹೊಡಕೊಂಡ ಹೊಕ್ಕಾನ."

ನಾನು ಬಾಯಿ ಬಿಡಲಿಲ್ಲ. ಆದರೂ ಎಂಟು ದಿನಕ್ಕೆ ಅವನು ಹೊಡೆದುಕೊಂಡು ಹೋದ.

ಇನ್ನು ಹೊಗಳಲು ಅಡ್ಡಿಯಿಲ್ಲವೆಂದು ಇಷ್ಟು ಹೊಗಳಿದ್ದೇನೆ. ಬರೆಯುವಾಗ ಮಾತ್ರ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಿದ್ದೇನೆ.