ಎರಡು ತುದಿಗೂ ಒಂದೊಂದು ಬೊಟ್ಟು

ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ, ಆದರೂ ಹೇಳಿಬಿಡುತ್ತೇನೆ: ನನಗೆ ವಿಡಿಯೋ ಗೇಮಿನ ಹುಚ್ಚು. ಓದಿದ್ದು ಮೂರನೇ ಕ್ಲಾಸು. ಸೈಕಲ್ ಕೂಡ ತುಳಿದವಳಲ್ಲ. ಆದರೆ ಅಟ್ಟೂರಿನ ನಮ್ಮ ಮನೆಯಲ್ಲಿ ದಿನಾ ಸಂಜೆ, ಹಾಲು ಕಾಯಿಸಿಟ್ಟ ಮೇಲೆ, ಮೊಮ್ಮಗಳು ಸಿಂಚನಾಳ ಪಕ್ಕ ಕೂತು ಟೀವಿಯಲ್ಲಿ ಕಾರು ಓಡಿಸುತ್ತೇನೆ. ಅವಳಿಗೆ ಹದಿಮೂರು. ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜಿಯರು ಬೇಕಾದಷ್ಟಿದ್ದಾರೆ; ಮೊಮ್ಮಗಳ ಕಾರಿಗೆ ಹಿಂದಿನಿಂದ ಗುದ್ದಿ ಬೈಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ?

ಈ ಭಾಗ್ಯಕ್ಕೆ ಗೌರಿ ಹಬ್ಬದ ಹೊತ್ತಿಗೆ ಕುತ್ತು ಬಂತು. ಆಟದ ಹಳೇ ಪೆಟ್ಟಿಗೆ ಕೆಟ್ಟು, ಮಗ ಬೇರೆ ಕಂಪನಿಯ ಹೊಸದೊಂದನ್ನು ತಂದ. ಅದರ ಜೊತೆ ಬಂದ ಕಂಟ್ರೋಲರು ಸಣ್ಣಗೆ, ನುಣ್ಣಗೆ, ಸಾಬೂನಿನ ಬಿಲ್ಲೆಯ ಹಾಗಿತ್ತು. ನನ್ನ ಹೆಬ್ಬೆರಳೋ, ಇಪ್ಪತ್ತು ವರ್ಷ ದ್ರಾಕ್ಷಿ ಗೊಂಚಲು ಕತ್ತರಿಸಿ ಒಂದು ಕಡೆಗೆ ವಾಲಿದ ಬೆರಳು. ಒಂದು ಗುಂಡಿ ಒತ್ತಲು ಹೋದರೆ ಮೂರು ಒತ್ತುತ್ತಿತ್ತು. ನಾಲ್ಕು ದಿನ ನೋಡಿ, ಕಣ್ಣು ಉರಿಯುತ್ತದೆ, ಇನ್ನು ಸಾಕು ಎಂದು ಸುಳ್ಳು ಹೇಳಿ ಅಡುಗೆಮನೆ ಸೇರಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದರೂ, ಟೀವಿಯ ಕಾರಿನ ಸದ್ದು ಕೇಳಿದೊಡನೆ ಹೆಬ್ಬೆರಳು ತಾನಾಗಿಯೇ ಅಲ್ಲಾಡುತ್ತಿತ್ತು.

ದಸರಾ ರಜೆ ಮುಗಿಯುವವರೆಗೆ ಸಿಂಚನಾ ಒಬ್ಬಳೇ ಆಡಿದಳು. ಆಮೇಲೊಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತಳು. "ಕಣ್ಣುರಿ ಅಂತೀಯ, ಸೀರಿಯಲ್ ಮಾತ್ರ ಮೂರು ನೋಡ್ತೀಯ. ಕೈಗೆ ಆಗ್ತಿಲ್ಲ ಅಂತ ಹೇಳೋಕೇನಜ್ಜಿ? ನೀನಿಲ್ದೆ ಗೆದ್ರೆ ನಾನು ಯಾರನ್ನ ರೇಗಿಸ್ಲಿ?"

ನನ್ನ ಹಳೇ ಕಂಟ್ರೋಲರನ್ನೇ ಹೊಸ ಪೆಟ್ಟಿಗೆಗೆ ಒಗ್ಗಿಸುವ ಪುಟ್ಟ ಸಾಮಾನೊಂದು ಸಿಗುತ್ತದಂತೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಹೆಸರು ಅಡಾಪ್ಟರು. ಹಳೆಯದರ ಮಾತನ್ನು ಹೊಸದಕ್ಕೆ ತಿಳಿಯುವಂತೆ ಹೇಳುವುದು ಅದರ ಕೆಲಸ ಎಂದಳು. ನನಗೆ ಅರ್ಥವಾಗದೆ ಏನು? ನಮ್ಮಪ್ಪ ಗುದ್ದಲಿಯ ಅಲಗು ಸವೆದರೆ ಹೊಸ ಅಲಗು ತರುತ್ತಿದ್ದ, ಅದರ ಮರದ ಹಿಡಿಯನ್ನು, ಕಾವನ್ನು, ಮಾತ್ರ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಹಿಡಿದು ಅವನ ಅಂಗೈಗೆ ಕೂತಿದ್ದ ಕಾವು ಅದು. ಹೊಸ ಅಲಗಿನ ತೂತು ದೊಡ್ಡದಾದರೆ ನಡುವೆ ಒಂದು ಬೆಣೆ ಬಡಿಯುತ್ತಿದ್ದ. ಬೆಣೆ ಅನ್ನು ಮತ್ತೆ, ಎಂದೆ. ಅವಳು ಬೆಣೆ ಎಂದರೇನೆಂದು ಫೋನಿನಲ್ಲಿ ಹುಡುಕಿದಳು.

ದೀಪಾವಳಿಯ ಹೊತ್ತಿಗೆ ಬೆಣೆ ಬಂತು. ಅದನ್ನು ಹೊಸ ಪೆಟ್ಟಿಗೆಗೆ ಸಿಕ್ಕಿಸಿ, ಅದಕ್ಕೆ ನನ್ನ ಕಂಟ್ರೋಲರಿನ ವೈರು ಚುಚ್ಚಿದಳು. ದೀಪ ಹತ್ತಲಿಲ್ಲ. ಕಂಪ್ಯೂಟರಿಗೆ ಹಾಕಿ ಏನೇನೋ ತುಂಬಿಸಿದಳು, ಇಲ್ಲ. ಮಗ ಬಂದು ಜಾಣತನ ತೋರಿಸಿದ, ಆಗಲೂ ಇಲ್ಲ. ಕೊನೆಗೆ ವಾಪಸು ಕಳಿಸುವುದೆಂದು ಅವಳು ಮುಖ ಸಣ್ಣಗೆ ಮಾಡಿಕೊಂಡು ಅಡಾಪ್ಟರನ್ನು ಡಬ್ಬಿಗೆ ತುಂಬತೊಡಗಿದಳು. ನಾನು ಕಂಟ್ರೋಲರಿನ ವೈರು ಸುತ್ತಿಡಲು ಕೈಗೆತ್ತಿಕೊಂಡೆ. ತುದಿಯ ತಗಡಿನ ಬಾಯೊಳಗೆ ಕೆಂಪಗೆ ಏನೋ ಕಂಡಿತು. ಕಣ್ಣಿನ ಹತ್ತಿರ ಹಿಡಿದು ನೋಡಿದೆ: ಕುಂಕುಮ.

ಆಯುಧ ಪೂಜೆಯ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಿದ್ದೆ. ಕೆಲಸವಿಲ್ಲದೆ ಮೂಲೆಗೆ ಬಿದ್ದಿದ್ದ ಕಂಟ್ರೋಲರನ್ನು ಕಂಡು ಪಾಪ ಎನಿಸಿ ಅದಕ್ಕೂ ಇಟ್ಟೆ. ಗುದ್ದಲಿಗೆ ಬೊಟ್ಟಿಡುವಾಗ ಅಲಗಿಗೂ ಇಡಬೇಕು, ಕಾವಿನ ತುದಿಗೂ ಇಡಬೇಕು ಎಂದು ನಮ್ಮಪ್ಪ ಕಲಿಸಿದ್ದ. ಅದಕ್ಕೇ ವೈರಿನ ತುದಿಗೂ, ನೀರಲ್ಲಿ ಕಲಸಿದ ಕುಂಕುಮವನ್ನು ಭಕ್ತಿಯಿಂದ ಒತ್ತಿ ಇಟ್ಟಿದ್ದೆ.

"ಇಂಗ್ ಮಾಡಿದ್ದು ನಾನೇ ಕಣವ್ವ" ಎಂದು ತುದಿ ತೋರಿಸಿದೆ.

ಅವಳು ವೈರನ್ನು ನೋಡಿದಳು, ನನ್ನನ್ನು ನೋಡಿದಳು, ಸೋಫಾದ ಮೇಲೆ ಬಿದ್ದು ನಕ್ಕಳು. ನನ್ನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನಿಗೆಂದು ಇಟ್ಟಿದ್ದ ಸ್ಪಿರಿಟ್ಟು, ಒಂದು ಹಳೇ ಬ್ರಷ್ಷು ತಂದುಕೊಟ್ಟೆ. ಉಜ್ಜಿ, ಒಣಗಿಸಿ, ಮತ್ತೆ ಚುಚ್ಚಿದಳು. ಬೆಣೆಯಲ್ಲಿ ನೀಲಿ ದೀಪ ಹತ್ತಿತು.

ಮೊದಲ ಆಟದಲ್ಲಿ ನಾನು ಓಡು ಎಂದರೆ ಕಾರು ನಿಲ್ಲುತ್ತಿತ್ತು. ಗುಂಡಿಗಳ ಕೆಲಸ ಅದಲುಬದಲಾಗಿತ್ತು. ಅದನ್ನೂ ಸರಿಮಾಡಿದಳು. ಎರಡನೆಯದರಲ್ಲಿ ಹನ್ನೆರಡು ಕಾರುಗಳಲ್ಲಿ ನಾನು ಹನ್ನೊಂದನೆಯವಳು. ಹನ್ನೆರಡನೆಯದು ಅವಳದು, ನಾನು ಗುದ್ದಿದ ಗುದ್ದಿಗೆ ಹಳ್ಳಕ್ಕೆ ಬಿದ್ದಿತ್ತು. ಎಷ್ಟು ಬೈದಳೆಂದರೆ, ಅದರಲ್ಲೇ ಹೊಟ್ಟೆ ತುಂಬಿ ಊಟದಲ್ಲಿ ನನ್ನ ತಟ್ಟೆಯಲ್ಲಿ ಅರ್ಧ ಮುದ್ದೆ ಮಿಕ್ಕಿತು.

ಆಮೇಲೆ ಯೋಚಿಸಿದೆ. ನಮ್ಮಪ್ಪ ಎರಡು ತುದಿಗೂ ಬೊಟ್ಟಿಡುತ್ತಿದ್ದ, ಎರಡನ್ನೂ ಹಿಡಿದಿಟ್ಟ ಬೆಣೆಯನ್ನು ಮರೆತೇಬಿಡುತ್ತಿದ್ದ. ಮಾರನೆಯ ಸಂಜೆ ದೇವರಿಗೆ ದೀಪ ಹಚ್ಚಿ, ಕುಂಕುಮದ ಬಟ್ಟಲು ಹಿಡಿದು ಟೀವಿಯ ಮುಂದೆ ಬಂದೆ. ಸಿಂಚನಾ ಗಾಬರಿಯಾಗಿ ಅಡಾಪ್ಟರನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ನಾನು ಅವಳ ಹಣೆಗೆ ಇಟ್ಟೆ.

"ಒಂದೇ ಸಾಕಜ್ಜಿ," ಎಂದಳು, "ಜಾಸ್ತಿ ಆದ್ರೆ ನಾನೂ ಆನ್ ಆಗಲ್ಲ."